ಕೇಳುವ ಕಿವಿಗಳ ಚರಿತ್ರೆ



ಧಾರವಾಡ ಸೀಮೆಯೊಂದರಲ್ಲಿಯೇ ಇಷ್ಟು ಜನ ಮಹಾಗಾಯಕರು ಹುಟ್ಟಿದ್ದೇಕೆ ಎಂದು ಶ್ರೀಮಠಕ್ಕೆ ಬರುವ ದೂರದ ಊರುಗಳ ಭಕ್ತರು ಆಗಾಗ ನಮ್ಮನ್ನು ಕೇಳುವುದುಂಟು. ನಾವು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕುಳಿತ ಊರಿನ ಹಿರಿಯರು ಯಾರಾದರೂ ಉತ್ತರ ಕೊಟ್ಟುಬಿಡುತ್ತಾರೆ: ಇಲ್ಲಿಯ ನೀರಿನ ಗುಣ, ಇಲ್ಲಿಯ ಜಿಟಿಜಿಟಿ ಮಳೆ, ಇಲ್ಲಿಯ ತಂಪು ಹವೆ! ನೀರಿನಿಂದ ಪೇಡೆಗೆ ರುಚಿ ಬರಬಹುದು, ರಾಗಕ್ಕೆ ಬರಲಾರದು. ಬಂದಿದ್ದರೆ ಅದೇ ಕೆರೆಯ ನೀರು ಕುಡಿದ ನಾವೆಲ್ಲರೂ ಹಾಡಬೇಕಾಗಿತ್ತು.

ಆದರೆ ಪ್ರಶ್ನೆ ಮಾತ್ರ ಸಣ್ಣದಲ್ಲ. ನಕಾಶೆಯನ್ನು ಮುಂದಿಟ್ಟುಕೊಂಡು ನೋಡಿರಿ. ಸವಾಯಿ ಗಂಧರ್ವರ ಕುಂದಗೋಳ, ಮಲ್ಲಿಕಾರ್ಜುನರ ಮನಸೂರ, ಬಸವರಾಜ ರಾಜಗುರುಗಳ ಯಲಿವಾಳ, ಪಂಚಾಕ್ಷರಿ ಗವಾಯಿಗಳ ಕಾಡಶೆಟ್ಟಿಹಳ್ಳಿ, ಪುಟ್ಟರಾಜ ಗವಾಯಿಗಳ ದೇವಗಿರಿ, ಗಂಗೂಬಾಯಿಯವರ ಹೆಸರಿನೊಡನೆ ಸೇರಿಕೊಂಡ ಹಾನಗಲ್ಲು, ಭೀಮಸೇನ ಜೋಶಿಯವರ ಗದಗ ಪರಿಸರ. ಇವೆಲ್ಲವೂ ಅಖಂಡ ಧಾರವಾಡ ಜಿಲ್ಲೆಯ ಊರುಗಳು. ಇಷ್ಟು ಕಿರಿದಾದ ನೆಲದಲ್ಲಿ, ಒಂದು ಶತಮಾನದೊಳಗೆ, ಇಷ್ಟು ದೊಡ್ಡ ಸಂಗೀತ ಬೆಳೆದದ್ದಕ್ಕೆ ಕಾರಣ ಇರಲೇಬೇಕು.

ಇತಿಹಾಸಕಾರರು ಹೇಳುವ ಕಾರಣಗಳು ನಿಜವಾದವುಗಳೇ. ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದ ಉಗಿಬಂಡಿ ಪುಣೆ, ಮೀರಜ, ಬೆಳಗಾವಿ, ಹುಬ್ಬಳ್ಳಿಗಳನ್ನು ಒಂದೇ ದಾರಿಯಲ್ಲಿ ಪೋಣಿಸಿತು. ಮರಾಠಿ ನಾಟಕ ಕಂಪನಿಗಳು ಆ ದಾರಿಯಲ್ಲಿಯೇ ಬಂದವು. ಮೈಸೂರಿನ ಒಡೆಯರ ದರಬಾರಿಗೆ ಹೊರಟ ಉತ್ತರದ ಗಾಯಕರೂ ಅದೇ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿಗಳಲ್ಲಿ ಇಳಿದು ಹಾಡಿ ಮುಂದೆ ಸಾಗುತ್ತಿದ್ದರು. ಭಾಸ್ಕರಬುವಾ ಬಖಲೆಯವರು ಧಾರವಾಡದ ಟ್ರೇನಿಂಗ ಕಾಲೇಜಿನಲ್ಲಿ ಕೆಲಕಾಲ ಸಂಗೀತದ ಅಧ್ಯಾಪಕರಾಗಿದ್ದರು. ಕಿರಾಣಾದ ಅಬ್ದುಲ್ ಕರೀಮ್ ಖಾನರು ಮೀರಜಿನಲ್ಲಿ ನೆಲೆ ಮಾಡಿದರು. ಅಲ್ಲಾದಿಯಾ ಖಾನರು ಕೊಲ್ಲಾಪುರದಲ್ಲಿದ್ದರು.

ಇದೆಲ್ಲವನ್ನೂ ಒಪ್ಪೋಣ. ಆದರೆ ಉಗಿಬಂಡಿ ಎಷ್ಟೋ ಊರುಗಳ ಮೇಲೆ ಹಾಯ್ದುಹೋಯಿತು. ಎಲ್ಲ ಊರುಗಳಲ್ಲಿಯೂ ಗಾಯಕರು ಹುಟ್ಟಲಿಲ್ಲ. ಬಂಡಿಯಿಂದ ಇಳಿದ ಗಾಯಕನನ್ನು ಮನೆಗೆ ಕರೆದು, ಉಣಬಡಿಸಿ, ಹಾಡಿಸಿ, ಬೆಳಗಿನವರೆಗೆ ಕೇಳುವವರು ಊರಿನಲ್ಲಿ ಇರಬೇಕಲ್ಲವೇ? ನಮ್ಮ ಮಟ್ಟಿಗೆ ಹೇಳುವುದಾದರೆ ಈ ಸೀಮೆಯ ಸಂಗೀತದ ಚರಿತ್ರೆ ಮೊದಲು ಕೇಳಿದವರ ಚರಿತ್ರೆ, ಆಮೇಲೆ ಹಾಡಿದವರದು.

ಹಾಗೆ ಕೇಳಿದವರಲ್ಲಿ ಮೊದಲು ನೆನೆಯಬೇಕಾದವರು ಸಂಗೀತಗಾರರೇ ಅಲ್ಲ. ಹಾನಗಲ್ಲ ಕುಮಾರ ಮಹಾಸ್ವಾಮಿಗಳವರು 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಸ್ಥಾಪಿಸಿದರೆಂಬುದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾದ ಸಂಗತಿಯಲ್ಲ. ಕಾಡಶೆಟ್ಟಿಹಳ್ಳಿಯ ಇಬ್ಬರು ಹುಟ್ಟುಕುರುಡ ಸಹೋದರರ ಹಾಡನ್ನು ಅವರು ಲಕ್ಷ್ಯವಿಟ್ಟು ಕೇಳಿದ್ದನ್ನು ಮಾತ್ರ ಸಾಕಷ್ಟು ನೆನೆಯುವುದಿಲ್ಲ. ಇಬ್ಬರಲ್ಲಿ ಗದಿಗೆಯ್ಯನೆಂಬ ಬಾಲಕನೇ 1892ರಲ್ಲಿ ಜನಿಸಿದ, ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಪೂಜ್ಯರಾದ ಮಹನೀಯರು. ಕುರುಡ ಮಕ್ಕಳೆಂದರೆ ಗುಡಿಯ ಮುಂದೆ ಕೈಚಾಚಿ ಕೂಡ್ರುವವರೆಂದೇ ಲೋಕ ತಿಳಿದಿದ್ದ ಕಾಲವದು. ಅಂಥ ಮಗುವಿನ ಹಾಡನ್ನು ಕೇಳಿ ಕಾಸು ಕೊಟ್ಟು ಕಳುಹುವುದು ಸುಲಭ. ಅವನನ್ನು ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಮೀರಜಕರರಲ್ಲಿ ಹಿಂದೂಸ್ತಾನಿಯನ್ನೂ ಕಲಿಸಿ, ‘ಉಭಯ ಗಾಯನ ವಿಶಾರದ’ನಾಗುವಂತೆ ಮಾಡಬೇಕಾದರೆ ಕೇಳಿದವರ ಕಿವಿ ಬೇರೆಯೇ ಆಗಿರಬೇಕು.

ಈ ನೀಲಕಂಠಬುವಾ ಅವರ ಬಗೆಗೆ ಒಂದು ಮಾತು. ಆಲೂರಮಠ ಮನೆತನದವರಾದ ಇವರು ಗ್ವಾಲಿಯರ ಪರಂಪರೆಯನ್ನು ದಕ್ಷಿಣಕ್ಕೆ ತಂದ ಬಾಳಕೃಷ್ಣಬುವಾ ಇಚಲಕರಂಜಿಕರರ ಶಿಷ್ಯರು. ಇವರ ಹೆಸರು ಇಂದು ದೊಡ್ಡ ಶಿಷ್ಯರ ನೆರಳಿನಲ್ಲಿ ಮಸುಕಾಗಿದೆ. ಆದರೆ ಪಂಚಾಕ್ಷರಿ ಗವಾಯಿಗಳಿಗೂ ಮಲ್ಲಿಕಾರ್ಜುನ ಮನಸೂರರಿಗೂ ಇವರೇ ಗುರುಗಳು. ಮಲ್ಲಿಕಾರ್ಜುನರು 1910ರ ಡಿಸೆಂಬರ 31ರಂದು ಮನಸೂರಿನಲ್ಲಿ ಜನಿಸಿದರು. ಎಳವೆಯಲ್ಲಿಯೇ ನಾಟಕದ ಕಂಪನಿ ಸೇರಿ ಬಣ್ಣ ಹಚ್ಚಿ ಹಾಡುತ್ತಿದ್ದರು. ಅಪ್ಪಯ್ಯಸ್ವಾಮಿಗಳು ಅವರಿಗೆ ಕರ್ನಾಟಕ ಸಂಗೀತದ ಮೊದಲ ಪಾಠ ಹೇಳಿದ್ದರು. ಆ ಬಾಲನಟನ ಹಾಡನ್ನು ಕೇಳಿದ ಬುವಾ ಅವರು ಹುಡುಗನನ್ನು ಮೀರಜಿಗೆ ಕರೆದೊಯ್ದರು. ನಾಟಕ ನೋಡಲು ಕುಳಿತ ನೂರಾರು ಜನ ಹುಡುಗನನ್ನು ಕೇಳಿ ಚಪ್ಪಾಳೆ ತಟ್ಟಿದ್ದಾರು. ಒಬ್ಬರು ಮಾತ್ರ ಆ ಕಂಠದಲ್ಲಿ ಮುಂದಿನ ಅರವತ್ತು ವರ್ಷಗಳನ್ನು ಕೇಳಿದರು.

ಪಂಚಾಕ್ಷರಿ ಗವಾಯಿಗಳೂ ತಮ್ಮ ಗುರುಗಳಂತೆ ಕೇಳುವವರೇ ಆದರು. ಕಣ್ಣಿಲ್ಲದ ಮಕ್ಕಳನ್ನು, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗುವ ಸಂಗೀತ ಪಾಠಶಾಲೆಯನ್ನು ನಡೆಸಿದರು. ಇದ್ದೂರಿನಲ್ಲಿಯೇ ಶಾಲೆ, ಭಿಕ್ಷೆಯೇ ಉತ್ಪನ್ನ. ಮಕ್ಕಳ ಹೊಟ್ಟೆಗಾಗಿ ನಾಟಕ ಮಂಡಳಿಯನ್ನೂ ಕಟ್ಟಿದ್ದುಂಟು. ಬಸರೀಗಿಡದ ವೀರಪ್ಪನವರಂಥ ದಾನಿಗಳ ಆಸರೆಯಿಂದ ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ಅದು ನೆಲೆನಿಂತಿತು. ಯಲಿವಾಳದ ಬಸವರಾಜನೆಂಬ ಹುಡುಗ ಅವರ ಕಿವಿಗೆ ಬಿದ್ದದ್ದು ಈ ಸಂಚಾರದ ಕಾಲದಲ್ಲಿಯೇ. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಅಲ್ಲಿ ಹತ್ತೊಂಬತ್ತರ ಪ್ರಾಯದ ಬಸವರಾಜ ರಾಜಗುರುಗಳು ಮೊದಲ ಬಾರಿಗೆ ದೊಡ್ಡ ಸಭೆಯ ಮುಂದೆ ಹಾಡಲು ಕುಳಿತಾಗ ತಬಲಾ ನುಡಿಸಿದವರು ಯಾರು ಬಲ್ಲಿರಾ? ಸ್ವತಃ ಗುರುಗಳಾದ ಪಂಚಾಕ್ಷರಿ ಗವಾಯಿಗಳು. ಶಿಷ್ಯನು ಮುಂದೆ, ಗುರು ಪಕ್ಕದಲ್ಲಿ! ಗುರು-ಶಿಷ್ಯರ ಬಗೆಗೆ ನಾವು ಪೀಠದ ಮೇಲೆ ಕುಳಿತು ಎಷ್ಟೋ ಉಪನ್ಯಾಸ ಮಾಡುತ್ತೇವೆ. ಹಂಪೆಯ ಆ ವೇದಿಕೆಯನ್ನು ನೆನೆದಾಗ ನಮ್ಮ ಉಪನ್ಯಾಸಗಳು ಬರಿ ಮಾತೆನಿಸುತ್ತವೆ.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಆಶ್ರಮದ ಭಾರ ಇನ್ನೊಬ್ಬ ಅಂಧ ಶಿಷ್ಯರಾದ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. ಅವರು ಅದನ್ನು 2010ರ ಸಪ್ಟೆಂಬರದಲ್ಲಿ ಲಿಂಗೈಕ್ಯರಾಗುವವರೆಗೆ, ಅರವತ್ತಾರು ವರ್ಷ, ಇಳಿಸಲಿಲ್ಲ. ರಾಜಗುರುಗಳು ಮುಂಬಯಿ, ಕರಾಚಿಗಳವರೆಗೆ ತಿರುಗಿ ಬೇರೆ ಬೇರೆ ಉಸ್ತಾದರಲ್ಲಿ ಕಲಿತರು. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರೂ ಇದೇ ಗುರುಕುಲದವರೇ.

ಇನ್ನು ಕುಂದಗೋಳದ ಕಡೆ ಬರೋಣ. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಆ ಊರಿನಲ್ಲಿ ನಾಡಗೇರರ ವಾಡೆ ಇದೆ. ಅಬ್ದುಲ್ ಕರೀಮ್ ಖಾನರು ಅಲ್ಲಿ ಬಂದು ತಂಗುತ್ತಿದ್ದರು. ಆ ಊರಿನ ರಾಮಭಾವು ಕುಂದಗೋಳಕರರು ಖಾನರ ಹಿಂದೆ ವರ್ಷಗಟ್ಟಲೆ ಶಿಷ್ಯರಾಗಿ ಅಲೆದು ಸವಾಯಿ ಗಂಧರ್ವರಾದರು. ಅವರಲ್ಲಿ ಕಲಿಯಲು ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಹೆಣ್ಣುಮಗಳೊಬ್ಬಳು ಸಂಗೀತ ಕಲಿಯಲು ಹೀಗೆ ಓಡಾಡಿದರೆ ಅಂದಿನ ಜನ ಏನೆಂದಿರಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವರವನ್ನು ಜಿಪುಣನು ಹಣ ವೆಚ್ಚ ಮಾಡುವಂತೆ ಬಳಸಬೇಕೆಂದು ಗುರುಗಳು ಹೇಳುತ್ತಿದ್ದುದನ್ನು ಆಕೆ ಕೊನೆಯವರೆಗೂ ನೆನೆಯುತ್ತಿದ್ದರು.

ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಅಬ್ದುಲ್ ಕರೀಮ್ ಖಾನರೇ ಅವರ ಹಾಡು ಕೇಳಲು ಬರುತ್ತಿದ್ದರು. ಮಗಳು ಹಿಂದೂಸ್ತಾನಿಯನ್ನು ಆರಿಸಿಕೊಂಡಾಗ, ತನ್ನ ಶೈಲಿಯ ನೆರಳು ಮಗಳ ಕಂಠದ ಮೇಲೆ ಬೀಳಬಾರದೆಂದು ಆ ತಾಯಿ ತಾನು ಹಾಡುವುದನ್ನೇ ಬಿಟ್ಟರು. ಓದುಗರೇ, ತ್ಯಾಗದ ಕಥೆಗಳನ್ನು ನಾವು ಪುರಾಣಗಳಲ್ಲಿ ಬಹಳ ಕೇಳಿದ್ದೇವೆ. ಹಾಡಬಲ್ಲವಳು ಹಾಡನ್ನು ನುಂಗಿಕೊಂಡು ಮಗಳ ಮುಂದೆ ಬರಿಯ ಕೇಳುಗಳಾಗಿ ಕುಳಿತದ್ದಕ್ಕೆ ಸಮನಾದುದು ನಮಗೆ ಕಂಡಿಲ್ಲ.

ಈ ಮಾತಿಗೆ ಕೆಲವರು ಒಂದು ಆಕ್ಷೇಪ ಎತ್ತುವರು: ಗ್ರಾಮೋಫೋನಿನ ತಟ್ಟೆ ಬಂದ ಮೇಲೆ ಎದುರಿಗೆ ಕುಳಿತು ಕೇಳುವ ಮಾತೇಕೆ? ಬಾಲಕಿ ಗಂಗೂಬಾಯಿ ಬೀದಿಯಲ್ಲಿ ಗ್ರಾಮೋಫೋನಿನ ದನಿ ಕೇಳಿದರೆ ಓಡಿಹೋಗಿ ನಿಲ್ಲುತ್ತಿದ್ದಳು. ಭೀಮಸೇನರು ಖಾನರ ಝಿಂಝೋಟಿಯ ಠುಮರಿಯನ್ನು ತಟ್ಟೆಯಲ್ಲಿ ಕೇಳಿಯೇ ಹುಚ್ಚರಾಗಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟರು. ನಿಜ. ಆದರೆ ಆ ತಟ್ಟೆ ಮೂರು-ಮೂರೂವರೆ ನಿಮಿಷದಲ್ಲಿ ಮುಗಿಯುತ್ತಿತ್ತು. ಅದು ಹಸಿವೆಯನ್ನು ಹುಟ್ಟಿಸಿತು, ಉಣಿಸಲಿಲ್ಲ. ಉಣ್ಣುವುದಕ್ಕಾಗಿ ಭೀಮಸೇನರು ಗ್ವಾಲಿಯರ, ಜಾಲಂಧರಗಳನ್ನು ಸುತ್ತಿ, ಕೊನೆಗೆ ತಮ್ಮ ಊರಿನಿಂದ ಬಹುದೂರವೇನೂ ಅಲ್ಲದ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಮುಂದೆ ಕುಳಿತರು.

ನಾವು ಧಾರವಾಡದಲ್ಲಿ ಸ್ನಾತಕೋತ್ತರ ಅಭ್ಯಾಸಕ್ಕಿದ್ದ ದಿನಗಳಲ್ಲಿ ಮನಸೂರರು ಎಂಬತ್ತರ ಹೊಸ್ತಿಲಲ್ಲಿದ್ದರು. ಮಠದಲ್ಲಿ ಭಜನೆಯ ಹಾಡು ಕೇಳಿ ಬೆಳೆದ ನಮಗೆ ಅವರ ಗಾಯನ ಮೊದಲು ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ನೀಲಕಂಠಬುವಾ ಅವರ ಗ್ವಾಲಿಯರ ತಳಹದಿಯ ಮೇಲೆ ಅವರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನರಲ್ಲಿಯೂ, 1937ರಲ್ಲಿ ಅವರು ತೀರಿಕೊಂಡ ಬಳಿಕ ಭುರ್ಜಿಖಾನರಲ್ಲಿಯೂ ಜಯಪುರ ಪದ್ಧತಿಯನ್ನು ಸಾಧಿಸಿದ್ದರು. ಆ ಪದ್ಧತಿಯಲ್ಲಿ ತಾಳವಿಲ್ಲದ ದೀರ್ಘ ಆಲಾಪವಿಲ್ಲ. ಚೀಜು ಆರಂಭವಾಯಿತೆಂದರೆ ರಾಗವೂ ತಾಳವೂ ಕೂಡಿಯೇ ನಡೆಯುತ್ತವೆ. ಒಂದು ಪಲುಕು ಮುಗಿಯಿತೆನ್ನುವಷ್ಟರಲ್ಲಿ ಅದರ ಬಾಲದಿಂದ ಇನ್ನೊಂದು ಹುಟ್ಟಿ, ಎಲ್ಲಿಯೋ ಸುತ್ತಿ, ನಾವು ಕೈಬೆರಳಿನಲ್ಲಿ ಎಣಿಸುತ್ತ ತಪ್ಪಿದ ಗಳಿಗೆಯಲ್ಲಿ ಸಮ್ ಮೇಲೆ ಬಂದು ಕೂಡ್ರುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನಮ್ಮ ಬೆರಳನ್ನು ನೋಡಿ ಮೆಲ್ಲನೆ, “ಎಣಸಬ್ಯಾಡ್ರಿ, ಉಸಿರು ಬಿಡ್ರಿ” ಎಂದರು. ಶಿವಮತಭೈರವ, ಖಟ್, ಬಿಹಾರಿ ಮೊದಲಾದ ಅಪರೂಪದ ರಾಗಗಳು ಆ ಕೃಶ ಶರೀರದ ವೃದ್ಧರಿಗೆ ಮನೆಯ ಮಕ್ಕಳಂತಿದ್ದವು. ಅವರು ಮುರುಘಾಮಠದ ಮೃತ್ಯುಂಜಯ ಅಪ್ಪಗಳವರ ಪರಮಭಕ್ತರು. ಮನೆಗೂ ‘ಮೃತ್ಯುಂಜಯ’ ಎಂದೇ ಹೆಸರಿಟ್ಟಿದ್ದರು. 1992ರ ಸಪ್ಟೆಂಬರ 12ರಂದು ಲಿಂಗೈಕ್ಯರಾದರು. ಸವಾಯಿ ಗಂಧರ್ವರು ತೀರಿದ್ದೂ ಅದೇ ತಾರೀಖಿನಂದು, ಸರಿಯಾಗಿ ನಲವತ್ತು ವರ್ಷ ಹಿಂದೆ.

ವಚನಗಳ ಮಾತನ್ನು ಬಿಡಲಾಗದು. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ ಓಲೆಗರಿಗಳಲ್ಲಿದ್ದ ವಚನಗಳನ್ನು ಕಣ್ಣಿಗೆ ತಂದರು. ಅಕ್ಷರ ಬಾರದ ಭಕ್ತರ ಕಿವಿಗೆ ತಂದವರಾರು? ಮನಸೂರರು, ರಾಜಗುರುಗಳು, ಜಂಬಲದಿನ್ನಿಯವರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಅವರ ದನಿಯನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಿತು. ವಚನವು ಪದ್ಯವಲ್ಲ, ಮಾತ್ರೆಯ ಲೆಕ್ಕವಿಲ್ಲ, ಪಲ್ಲವಿಯಿಲ್ಲ. ಒಂದು ಸಾಲು ಮೂರು ಶಬ್ದದ್ದು, ಮುಂದಿನದು ಹನ್ನೆರಡು ಶಬ್ದದ್ದು. ಅದನ್ನು ತಾಳಕ್ಕೆ ಕೂಡಿಸುವಾಗ ಸಾಮಾನ್ಯ ಗಾಯಕನು ಅರ್ಥವನ್ನು ಮುರಿಯುತ್ತಾನೆ. ಮನಸೂರರು ಅರ್ಥ ನಿಲ್ಲುವಲ್ಲಿ ಮಾತ್ರ ಉಸಿರು ನಿಲ್ಲಿಸುತ್ತಿದ್ದರು. ವಚನದ ಎಷ್ಟೋ ವ್ಯಾಖ್ಯಾನಗಳನ್ನು ಓದಿದ ನಾವು ಕೆಲವು ವಚನಗಳ ಅನ್ವಯವನ್ನು ಅವರ ಕಂಠದಿಂದ ತಿಳಿದೆವು.

ಇಷ್ಟು ಬರೆದ ಮೇಲೆ ನಮ್ಮ ತಪ್ಪೊಂದನ್ನೂ ಬರೆಯದಿದ್ದರೆ ಲೇಖನ ಪ್ರಾಮಾಣಿಕವಾಗಲಾರದು. ಕೆಲವು ವರ್ಷಗಳ ಹಿಂದೆ ಒಂದು ಜಾತ್ರಾ ಮಹೋತ್ಸವದಲ್ಲಿ ಅಂಧ ಗಾಯಕರೊಬ್ಬರ ಸಂಗೀತವಿತ್ತು. ಭಾಷಣಗಳೆಲ್ಲ ಮುಗಿದು ಅವರು ಹಾಡಲು ಕುಳಿತಾಗ ರಾತ್ರಿ ಹತ್ತೂವರೆ. ಆಗಲೇ ಅರ್ಧ ಸಭೆ ಪ್ರಸಾದಕ್ಕೆ ಎದ್ದಿತ್ತು. ಅವರು ಬಾಗೇಶ್ರೀ ಎತ್ತಿಕೊಂಡು ಹದಿನೈದು ನಿಮಿಷವಾಗಿರಬಹುದು, ತಡವಾಗಿ ಬಂದ ಅತಿಥಿಯೊಬ್ಬರು ಮಾತನಾಡಬೇಕೆಂದು ಕಾರ್ಯಕರ್ತರು ಗಾಯಕರ ಮುಂದೆ ಒಂದು ಚೀಟಿ ಇಟ್ಟರು. ಕಣ್ಣಿಲ್ಲದವರ ಮುಂದೆ ಚೀಟಿ! ಅವರು ಹಾಡುತ್ತಲೇ ಇದ್ದರು. ಕೊನೆಗೆ ತಬಲಾದವರು ಬಾಗಿ ಕಿವಿಯಲ್ಲಿ ಹೇಳಿದರು. ಏರುತ್ತಿದ್ದ ಸ್ವರವನ್ನು ಅಲ್ಲಿಯೇ ಇಳಿಸಿ, ಸಭೆಗೆ ಕೈಮುಗಿದು, ಹುಡುಗನೊಬ್ಬನ ಹೆಗಲು ಹಿಡಿದು ಅವರು ಹೊರಟುಹೋದರು. ಆ ವೇದಿಕೆಯ ಮೇಲೆ ನಾವೂ ಕುಳಿತಿದ್ದೆವು. ಒಂದು ಮಾತು ಆಡಿದ್ದರೆ ಚೀಟಿ ಹಿಂದಕ್ಕೆ ಹೋಗುತ್ತಿತ್ತು. ಆಡಲಿಲ್ಲ.

ಮರುದಿನ ಬೆಳಿಗ್ಗೆ ಅವರಿದ್ದ ಕೋಣೆಗೆ ಹೋದೆವು. ಕ್ಷಮೆಯ ಮಾತನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. “ಅಪ್ಪಾರ, ರಾತ್ರಿ ಮುಂದ ಎಷ್ಟು ಮಂದಿ ಕುಂತಿದ್ರು?” ಎಂದು ಕೇಳಿದರು. ನಲವತ್ತು ಮಂದಿ ಇದ್ದಾರು ಎಂದೆವು. “ಅವರಿಗಾದ್ರೂ ಪೂರ್ತಿ ಕೇಳಸಬೇಕಾಗಿತ್ತು” ಎಂದರು.

ಆ ವರ್ಷದಿಂದ ಶ್ರೀಮಠದ ಜಾತ್ರೆಯಲ್ಲಿ ಸಂಗೀತಕ್ಕೆ ಒಂದು ರಾತ್ರಿಯನ್ನು ಬೇರೆಯಾಗಿ ಇಟ್ಟಿದ್ದೇವೆ. ಆ ರಾತ್ರಿ ಭಾಷಣವಿಲ್ಲ, ಸನ್ಮಾನವಿಲ್ಲ, ನಮ್ಮ ಆಶೀರ್ವಚನವೂ ಇಲ್ಲ. ಮೊದಲ ವರ್ಷ ಬೆಳಗಿನ ಭೈರವಿಯವರೆಗೆ ಉಳಿದವರು ಹತ್ತೊಂಬತ್ತು ಜನ. ಅವರಲ್ಲಿ ಐವರು ನಮ್ಮ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳು. ಕಳೆದ ಸಲ ಅರವತ್ತು ಮೀರಿದ್ದರು. ಹಾಸಲು ಜಮಖಾನೆ ಸಾಲದೆ ಪ್ರಸಾದನಿಲಯದ ಹುಡುಗರು ತಮ್ಮ ಹಾಸಿಗೆಯ ಸುರುಳಿಗಳನ್ನು ತಂದು ಬಿಚ್ಚಿದರು. ಅದೇ ಅಂಧ ಗಾಯಕರು ಬಂದಿದ್ದರು. ಯಾರೂ ಹೇಳದೆ ತಾವಾಗಿಯೇ ಬಾಗೇಶ್ರೀ ಎತ್ತಿಕೊಂಡು ಒಂದೂ ಕಾಲು ತಾಸು ಹಾಡಿದರು.