ಗಂಧದೆಣ್ಣೆಯಿಂದ ಕೌಶಲ ಮಿಷನ್‌ವರೆಗೆ: ಕರ್ನಾಟಕದ ತರಬೇತಿ ಸಂಸ್ಥೆಗಳ ನೂರು ವರ್ಷ

ಮೊದಲ ಮಹಾಯುದ್ಧ ಶುರುವಾದಾಗ ಮೈಸೂರಿನ ಶ್ರೀಗಂಧ ಜರ್ಮನಿಗೆ ಹೋಗುವುದು ನಿಂತಿತು. ಅಲ್ಲಿಯವರೆಗೆ ಮರ ನಮ್ಮದು, ಎಣ್ಣೆ ಅವರದು ಎಂಬಂತೆ ವ್ಯಾಪಾರ ನಡೆದಿತ್ತು. ಕಾಡಿನ ಸರಕು ಉಳಿದುಹೋದಾಗ ಸಂಸ್ಥಾನ ತಾನೇ ಎಣ್ಣೆ ತೆಗೆಯಲು ಹೊರಟಿತು. 1909ರಲ್ಲಿ ಹುಟ್ಟಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರುಗಳಾದ ಸಡ್‌ಬರೋ ಮತ್ತು ವಾಟ್ಸನ್ ಭಟ್ಟಿ ಇಳಿಸುವ ವಿಧಾನವನ್ನು ಸಿದ್ಧಪಡಿಸಿಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಎದ್ದಿತು. ಸಾಬೂನು ಮಾಡುವ ವಿದ್ಯೆ ಕಲಿತು ಬರಲು ಎಸ್.ಜಿ. ಶಾಸ್ತ್ರಿಯವರನ್ನು ಸರ್ಕಾರ ಇಂಗ್ಲೆಂಡಿಗೆ ಕಳಿಸಿತು. ಮೈಸೂರ್ ಸ್ಯಾಂಡಲ್ ಸೋಪು ಹುಟ್ಟಿದ್ದು ಹೀಗೆ.

ಇಲ್ಲಿ ಕಚ್ಚಾ ಸರಕು, ಪ್ರಯೋಗಾಲಯ, ಕಲಿತ ಮನುಷ್ಯ, ಕೆಲಸದ ಜಾಗ ನಾಲ್ಕೂ ಒಂದೇ ಊರಿನಲ್ಲಿ ಕೂಡಿಬಂದವು. ಈ ನಾಲ್ಕು ಒಟ್ಟಿಗೆ ಇದ್ದಾಗಲೆಲ್ಲ ನಮ್ಮಲ್ಲಿ ಕಸುಬು ಬೇರೂರಿದೆ. ಒಂದು ತಪ್ಪಿದಾಗಲೆಲ್ಲ ಪ್ರಮಾಣಪತ್ರವಷ್ಟೇ ಉಳಿದಿದೆ. ಕರ್ನಾಟಕದ ಕೌಶಲ ಶಿಕ್ಷಣದ ಒಂದು ಶತಮಾನವನ್ನು ನಾನು ಓದುವುದು ಈ ದೃಷ್ಟಿಯಿಂದ.

1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲ ಸಂಸ್ಥೆಗಳನ್ನು ಕಟ್ಟಿದ ಕಾಲ. 1913ರಲ್ಲಿ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, 1916ರಲ್ಲಿ ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಬಡಗಿಯ ಮಗನಿಗೂ ಪದವೀಧರನಿಗೂ ಅವರವರ ಮಟ್ಟದಲ್ಲಿ ಕಲಿಯಲು ಒಂದು ಜಾಗ ಇರಬೇಕೆಂಬ ಯೋಚನೆ ಅದರ ಹಿಂದಿತ್ತು. ಎರಡನೇ ಮಹಾಯುದ್ಧ ಇದನ್ನು ಇನ್ನೊಂದು ಮೆಟ್ಟಿಲು ಏರಿಸಿತು. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ವಿಮಾನ ಕಾರ್ಖಾನೆ ತೆರೆದರು. ಎರಡೇ ವರ್ಷದಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳು ದುರಸ್ತಿಗೆ ಬೆಂಗಳೂರಿನ ಈ ಕಾರ್ಖಾನೆಗೇ ಬಂದವು. ಆ ರಿಪೇರಿಯೇ ಸಾವಿರಾರು ಕೈಗಳಿಗೆ ಪಾಠವಾಯಿತು. ಅತ್ತ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನು ತಯಾರಿಸತೊಡಗಿತು.

ಸ್ವಾತಂತ್ರ್ಯದ ನಂತರದ ಹದಿನೈದು ಇಪ್ಪತ್ತು ವರ್ಷಗಳ ಬಗ್ಗೆ ಹೆಚ್ಚು ಹೇಳಬೇಕು. 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್. ಹೊಲದಿಂದ ಬಂದ ಅನೇಕ ಹುಡುಗರು ಇವುಗಳ ಕೆಲಸಗಾರರಾದರು. ಕೇಂದ್ರ ಸರ್ಕಾರ 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ತಂದಿತು. ಕೈಗಾರಿಕಾ ತರಬೇತಿ ಸಂಸ್ಥೆಗಳು, ಅಂದರೆ ಐಟಿಐಗಳು, ಬೆಳೆದದ್ದು ಅದರಿಂದ. 1961ರ ಶಿಶಿಕ್ಷು ಕಾಯ್ದೆ ಕಾರ್ಖಾನೆಯೊಳಗಿನ ಕಲಿಕೆಗೆ ಕಾನೂನಿನ ಬಲ ಕೊಟ್ಟಿತು.

ಆಗಿನ ಫಿಟ್ಟರ್ ತರಬೇತಿ ಹೇಗಿರುತ್ತಿತ್ತೆಂದು ಇಂದಿನ ಯೋಜನೆ ರೂಪಿಸುವವರು ತಿಳಿಯಬೇಕು. ಹುಡುಗನ ಕೈಗೆ ಮೊದಲು ಕೊಡುತ್ತಿದ್ದದ್ದು ಅರ, ಅಂದರೆ ಫೈಲು. ವೈಸ್‌ಗೆ ಕಟ್ಟಿದ ಉಕ್ಕಿನ ತುಂಡನ್ನು ದಿನಗಟ್ಟಲೆ ಉಜ್ಜಬೇಕು. ಮೂಲೆಮಟ್ಟವನ್ನು ತುಂಡಿನ ಮೇಲಿಟ್ಟು ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ತೂರಿದರೆ ಜಾಬ್ ವಾಪಸ್. ಅಳತೆ ಕಣ್ಣಿಗೂ ಬೆರಳಿಗೂ ಹತ್ತಿದ ಮೇಲೆ ಯಂತ್ರದ ಸರದಿ. ಇದಕ್ಕೆ ಬೇಕಾದದ್ದು ಕಾಲ, ಮತ್ತು ಪಕ್ಕದಲ್ಲಿ ನಿಂತು ತಪ್ಪು ತೋರಿಸುವ ಅನುಭವಿ ಬೋಧಕ. ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಅನೇಕವನ್ನು ಕಟ್ಟಿದವರು ಇಂಥ ಸಾರ್ವಜನಿಕ ಉದ್ಯಮಗಳಲ್ಲಿ ಪಳಗಿ ಹೊರಬಂದವರು. ಆ ಉದ್ಯಮಗಳಲ್ಲಿ ಕೆಲವು ಮುಂದೆ ಸೊರಗಿದವು. ಆದರೆ ಅವು ತಯಾರಿಸಿದ ಮನುಷ್ಯರ ಬೆಲೆಯನ್ನು ಯಾವ ಲಾಭ-ನಷ್ಟದ ಪಟ್ಟಿಯೂ ತೋರಿಸಲಿಲ್ಲ.

ವಿದೇಶಿ ನೆರವನ್ನು ಚೆನ್ನಾಗಿ ಬಳಸಿಕೊಂಡ ಉದಾಹರಣೆಗಳೂ ಇವೆ. ಸ್ವಿಸ್ ನೆರವಿನಿಂದ 1959ರಲ್ಲಿ ಕೇರಳದ ನೆಟ್ಟೂರಿನಲ್ಲಿ ಹುಟ್ಟಿದ ತಾಂತ್ರಿಕ ತರಬೇತಿ ಸಂಸ್ಥೆ ಎನ್‌ಟಿಟಿಎಫ್ ಬೆಂಗಳೂರಿಗೂ ಬಂದು ಬೆಳೆಯಿತು. ಡೆನ್ಮಾರ್ಕಿನ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಆರಂಭವಾಯಿತು. ಅದು ಉದ್ಯಮಗಳಿಗೆ ನಿಜವಾದ ಅಚ್ಚು, ಡೈಗಳನ್ನು ಮಾಡಿಕೊಡುತ್ತದೆ. ವಿದ್ಯಾರ್ಥಿಗಳು ಕಲಿಯುವುದು ಆ ಕೆಲಸದ ನಡುವೆಯೇ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ಕಳೆಯಬೇಕು. ನೆರವು ಕೊಟ್ಟವರು ಹಿಂದೆ ಸರಿದ ಮೇಲೂ ಸಂಸ್ಥೆ ಉಳಿಯಿತು, ರಾಜ್ಯದಲ್ಲಿ ಮೂವತ್ತಕ್ಕೂ ಹೆಚ್ಚು ಕೇಂದ್ರಗಳಾಗಿ ಹರಡಿತು. ಸಾಂಸ್ಥಿಕ ಸಾಮರ್ಥ್ಯ ಎನ್ನುವುದು ಇದೇ.

ಇದರಲ್ಲಿ ಬಹುಪಾಲು ಬೆಂಗಳೂರಿನ ಸುತ್ತ ನಡೆಯಿತು; ಹೆಚ್ಚಾಗಿ ಗಂಡುಮಕ್ಕಳಿಗೇ ದಕ್ಕಿತು. ಹಳ್ಳಿಯಲ್ಲೇ ಉಳಿದು ದುಡಿಯಬೇಕಾದವರ ಪ್ರಶ್ನೆಗೆ ಉತ್ತರ ಬಂದದ್ದು ದಕ್ಷಿಣ ಕನ್ನಡದ ಉಜಿರೆಯಿಂದ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಹೈನುಗಾರಿಕೆ, ಹೊಲಿಗೆ, ಮೋಟಾರ್ ರಿವೈಂಡಿಂಗ್‌ನಂಥ ಕೆಲವು ವಾರಗಳ ಶಿಬಿರಗಳು. ಶಿಬಿರ ಮುಗಿದ ಮೇಲಿನ ಎರಡು ವರ್ಷ ಸಂಸ್ಥೆ ಅಭ್ಯರ್ಥಿಯ ಕೈ ಬಿಡುವುದಿಲ್ಲ ಎಂಬುದು ಇದರ ವಿಶೇಷ. ಬ್ಯಾಂಕ್ ಸಾಲ ಸಿಕ್ಕಿತೇ, ಅಂಗಡಿ ತೆರೆದರೇ, ತೆರೆದದ್ದು ನಡೆಯುತ್ತಿದೆಯೇ ಎಂದು ವಿಚಾರಿಸುತ್ತದೆ. 2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಎತ್ತಿಕೊಂಡು, ಜಿಲ್ಲೆಗೊಂದು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ, ತೆರೆಯುವಂತೆ ಬ್ಯಾಂಕುಗಳಿಗೆ ಹೇಳಿತು. ನಮ್ಮ ಕರಾವಳಿಯ ಊರೊಂದರ ಪ್ರಯೋಗ ದೇಶದ ವ್ಯವಸ್ಥೆಯಾದದ್ದು ಹೆಮ್ಮೆಯ ಸಂಗತಿ.

ಅದೇ ಹೊತ್ತಿಗೆ ದೇಶ ತಲೆ ಎಣಿಸಲು ತೊಡಗಿತು. 2008ರಲ್ಲಿ ರಾಷ್ಟ್ರೀಯ ಕೌಶಲ ಅಭಿವೃದ್ಧಿ ನಿಗಮ ಬಂತು. 2009ರ ನೀತಿ 2022ರೊಳಗೆ 50 ಕೋಟಿ ಜನರಿಗೆ ಕೌಶಲ ಕಲಿಸುವುದಾಗಿ ಹೇಳಿತು. 2015ರಲ್ಲಿ ಸ್ಕಿಲ್ ಇಂಡಿಯಾ ಮಿಷನ್ ಶುರುವಾಯಿತು. ಕಾಳಜಿ ಸರಿಯಾದದ್ದೇ. ದುಡಿಯುವವರಲ್ಲಿ ಔಪಚಾರಿಕ ತರಬೇತಿ ಪಡೆದವರು ಭಾರತದಲ್ಲಿ ಶೇ. 4.69 ಮಾತ್ರ, ಜರ್ಮನಿಯಲ್ಲಿ ಶೇ. 75, ದಕ್ಷಿಣ ಕೊರಿಯಾದಲ್ಲಿ ಶೇ. 96 ಎಂದು 2015ರ ನೀತಿಯೇ ಬರೆಯಿತು. ಆದರೆ ದಾರಿ ಅವಸರದ್ದಾಯಿತು. ಕೆಲವೇ ತಿಂಗಳ ಕೋರ್ಸುಗಳು, ಖಾಸಗಿ ತರಬೇತಿ ಕೇಂದ್ರಗಳು, ಮೇಸ್ತ್ರಿಯ ಕೈಕೆಳಗೆ ಆಗಲೇ ಕಸುಬು ಕಲಿತವರಿಗೆ ಕೆಲವು ದಿನಗಳ ಪರಿಚಯ ಪಾಠ ಮಾಡಿ ಕೊಟ್ಟ ಪ್ರಮಾಣಪತ್ರಗಳು. ಗುರಿಗಳು ಅತಿಯಾದವೆಂದು ಸರ್ಕಾರವೇ ನೇಮಿಸಿದ್ದ ಶಾರದಾ ಪ್ರಸಾದ್ ಸಮಿತಿ ಸ್ಪಷ್ಟವಾಗಿ ಹೇಳಿತು. ಎಚ್‌ಎಂಟಿ ಕಾಲದ ಹುಡುಗ ಅರ ಹಿಡಿಯುವುದನ್ನು ಕಲಿಯುವಷ್ಟರಲ್ಲಿ ಈ ಕೋರ್ಸುಗಳಲ್ಲಿ ಕೆಲವು ಮುಗಿದೇ ಹೋಗುತ್ತವೆ. ಇದನ್ನು ಕೌಶಲ ಎನ್ನಲು ನನಗೆ ಮನಸ್ಸಿಲ್ಲ.

ಈಗ ಗಾಳಿ ಮತ್ತೆ ಐಟಿಐಗಳ ಕಡೆ ಬೀಸುತ್ತಿದೆ. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ರೋಬಾಟ್, ಸಿಎನ್‌ಸಿ, ವಿದ್ಯುತ್ ವಾಹನಗಳ ಪ್ರಯೋಗಾಲಯಗಳು ಬಂದಿವೆ. 2024ರ ಕೇಂದ್ರ ಬಜೆಟ್ 1,000 ಐಟಿಐಗಳನ್ನು ಮೇಲ್ದರ್ಜೆಗೆ ಏರಿಸುವುದಾಗಿ ಘೋಷಿಸಿತು. ಸಂತೋಷವೇ. ಆದರೆ ಆ ಯಂತ್ರದ ಪಕ್ಕ ನಿಲ್ಲುವ ಕಿರಿಯ ತರಬೇತಿ ಅಧಿಕಾರಿ ಯಾರು? ಅವರ ಹುದ್ದೆ ಕಾಯಂ ಇದೆಯೇ, ವರ್ಷಕ್ಕೊಮ್ಮೆಯಾದರೂ ಕಾರ್ಖಾನೆಗೆ ಹೋಗಿ ಹೊಸದನ್ನು ಕಲಿತು ಬರುವ ಏರ್ಪಾಡಿದೆಯೇ? ಶಾಸ್ತ್ರಿಯವರನ್ನು ಹಡಗು ಹತ್ತಿಸಿ ಕಳಿಸಿದ ಸಂಸ್ಥಾನಕ್ಕೆ ಈ ಪ್ರಶ್ನೆಯ ಮಹತ್ವ ಗೊತ್ತಿತ್ತು. ಕೌಶಲಾಭಿವೃದ್ಧಿ ಇಲಾಖೆ ಮುಂದಿನ ವರ್ಷದ ಲೆಕ್ಕ ಹಾಕುವಾಗ ಯಂತ್ರ ಖರೀದಿಗಿಂತ ಮೊದಲು ಬೋಧಕರ ನೇಮಕ ಮತ್ತು ತರಬೇತಿಗೆ ಹಣ ಇಡಲಿ. ಕಲಿತು ಹೋದವರು ಎರಡು ವರ್ಷದ ನಂತರ ಎಲ್ಲಿದ್ದಾರೆಂಬ ಪಟ್ಟಿಯನ್ನು ಉಜಿರೆಯ ಪದ್ಧತಿಯಂತೆ ಪ್ರತಿ ಐಟಿಐಯೂ ಪ್ರಕಟಿಸಲಿ.