ಬಂಡೆಯ ಬಿರುಕು: ಕೋಲಾರದ ಗಣಿಯಿಂದ ಗಣಕಯಂತ್ರದವರೆಗೆ

1902ರಲ್ಲಿ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ಮೊಟ್ಟಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿದುದು ವಾಚಕ ಮಹಾಶಯರಿಗೆ ವಿದಿತವಾಗಿಯೇ ಇದೆ. ಆ ಗಣಿಗಳಿತ್ತ ಹೊನ್ನಿನ ಲೆಕ್ಕವನ್ನು ಅನೇಕರು ಬರೆದಿರುವರು. ಅವು ಕಲಿಸಿದ ಒಂದು ಪಾಠವನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬಯಸುತ್ತೇನೆ. ಭೂಗರ್ಭದಲ್ಲಿ ತೆರೆದ ಎಡೆಯನ್ನು ಬಂಡೆಯು ಮುಚ್ಚಲೆಳಸುತ್ತದೆ. ಆಧಾರವಿಲ್ಲದೆ ಅದು ಬಹುಕಾಲ ತೆರೆದಿರಲಾರದು.

ಚಾಂಪಿಯನ್ ರೀಫ್ ಗಣಿಯು 3,000 ಮೀಟರಿಗೂ ಮಿಗಿಲಾದ ಆಳಕ್ಕೆ ಇಳಿಯಿತು. ಒಂದು ಘನ ಮೀಟರ್ ಬಂಡೆಯ ತೂಕ ಸುಮಾರು 3 ಟನ್ ಎಂದೆಣಿಸಿದರೆ, ಅಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಭಾರ ಸುಮಾರು 9,000 ಟನ್. ಆದಿಶೇಷನು ಭೂಭಾರವನ್ನು ಹೊತ್ತಿರುವನೆಂದು ಪುರಾಣಗಳು ಹೇಳುವುವು. ಗಣಿಯೊಳಗೆ ಆ ಭಾರವನ್ನು ಗೋಡೆಗಳೇ ಹೊರಬೇಕು. ಹೊರಲಾರದೆ ಬಂಡೆಯು ಒಮ್ಮೆಗೇ ಸಿಡಿಯುವುದನ್ನು ಶಿಲಾಸ್ಫೋಟವೆನ್ನುವರು. ಎಷ್ಟೋ ಕೂಲಿಗಳ ಪ್ರಾಣ ಇದಕ್ಕೆ ಬಲಿಯಾಯಿತು. ಅಗೆದ ಎಡೆಗಳಲ್ಲಿ ಮರದ ದಿಮ್ಮಿಗಳನ್ನೂ, ಅನಂತರ ಕಲ್ಲಿನ ಕಟ್ಟಡವನ್ನೂ ಆಧಾರವಾಗಿ ಕೊಟ್ಟುದು ಈ ಅನುಭವದಿಂದಲೇ.

ಇದೇ ಪ್ರಶ್ನೆಯು ಅಮೆರಿಕದಲ್ಲಿ ಬೇರೊಂದು ವೇಷದಲ್ಲಿ ಬಂದಿತು. 1947ರಲ್ಲಿ ಕ್ಯಾನ್ಸಸ್ ಪ್ರಾಂತದ ಒಂದು ಅನಿಲದ ಬಾವಿಯಲ್ಲಿ ದ್ರವವನ್ನು ಒತ್ತಡದಿಂದ ನುಗ್ಗಿಸಿ ಬಂಡೆಯನ್ನು ಸೀಳಿ ನೋಡಿದರು. ನೀರೂ ಅನಿಲವೂ ಸುಲಭವಾಗಿ ನುಸುಳದ ಶೇಲ್ ಎಂಬ ಜೇಡುಶಿಲೆಯಲ್ಲಿ ಈ ಉಪಾಯವು 1990ರ ದಶಕದ ಅಂತ್ಯದಲ್ಲಿ, ಟೆಕ್ಸಸ್ಸಿನ ಬಾರ್ನೆಟ್ ಪ್ರದೇಶದಲ್ಲಿ, ಫಲಿಸಿತು. ಅಲ್ಲಿ ಬಿರುಕಿಗೆ ಆಧಾರ ಮರಳು. ದ್ರವದೊಡನೆ ಹೋದ ಮರಳಿನ ಕಣಗಳು ಒಳಗೇ ನಿಂತು ಬಿರುಕಿನ ಬಾಯಿ ಮುಚ್ಚದಂತೆ ತಡೆಯುವುವು. ನಮ್ಮ ಗಣಿಯ ಕಲ್ಲುಕಟ್ಟಡ ಮಾಡಿದ ಕೆಲಸವೇ ಅದು.

ಬಿರುಕಿನ ಅಗಲವು ಅರ್ಧವಾದರೆ ಹರಿವು ಎಂಟರಲ್ಲಿ ಒಂದು ಪಾಲಾಗುವುದು. ಏಕೆಂದರೆ ಹರಿವು ಅಗಲದ ಘನವನ್ನು ಅನುಸರಿಸುತ್ತದೆ. ಒತ್ತಡವು ಬಿರುಕನ್ನು ಅಗಲಿಸುವುದು, ಅಗಲವು ಹರಿವನ್ನು ನಿರ್ಣಯಿಸುವುದು, ಹರಿವು ಮತ್ತೆ ಒತ್ತಡವನ್ನು ಬದಲಿಸುವುದು. ಇಂತಹ ಅನ್ಯೋನ್ಯಾಶ್ರಯದ ಲೆಕ್ಕವನ್ನು 1961ರಲ್ಲಿ ಪರ್ಕಿನ್ಸ್ ಮತ್ತು ಕರ್ನ್ ಎಂಬವರು ಸರಳರೂಪದಲ್ಲಿ ಮಾಡಿದರು. ಬಂಡೆಯೊಳಕ್ಕೆ ಸೋರಿಹೋಗುವ ದ್ರವವನ್ನು 1972ರಲ್ಲಿ ನಾರ್ಡ್‌ಗ್ರೆನ್ ಸೇರಿಸಿಕೊಂಡರು. ಈಗ ಗಣಕಯಂತ್ರವು ಬಂಡೆಯನ್ನು ಸಹಸ್ರಾರು ಸಣ್ಣ ಖಂಡಗಳಾಗಿ ವಿಭಾಗಿಸಿ, ಅನಿಲ ತೆಗೆದಂತೆಲ್ಲ ಒತ್ತಡ ಕುಗ್ಗಿ ಮರಳು ಮೆತ್ತನೆಯ ಶಿಲೆಯಲ್ಲಿ ಹೂತುಹೋಗುವುದನ್ನೂ ಗಣಿಸುತ್ತದೆ.

ಆದರೆ ಯಂತ್ರಕ್ಕೆ ಒಂದು ಅಳತೆಯನ್ನು ಬಂಡೆಯೇ ಹೇಳಬೇಕು. ಕೊರೆದ ರಂಧ್ರದ ಒಂದು ಭಾಗವನ್ನು ರಬ್ಬರಿನ ಬಿರಡೆಗಳಿಂದ ಬಂಧಿಸಿ, ನೀರೊತ್ತಿ ಬಂಡೆಯನ್ನು ಸೀಳಿ, ನೀರೊತ್ತುವುದನ್ನು ನಿಲ್ಲಿಸುವರು. ಬಿರುಕು ಮುಚ್ಚಿಕೊಳ್ಳುವಾಗಿನ ಒತ್ತಡವೇ ಅಲ್ಲಿನ ಬಂಡೆಯ ಕನಿಷ್ಠ ಬಿಗಿತದ ಅಳತೆ. ಈ ಪರೀಕ್ಷೆಯನ್ನು ನಡೆಸುವ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯು 1988ರಲ್ಲಿ ಕೋಲಾರದ ಗಣಿಯೂರಿನಲ್ಲಿಯೇ ಹುಟ್ಟಿದುದು ಆಕಸ್ಮಿಕವಲ್ಲ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಸುರಂಗಗಳಲ್ಲಿ ನೀರು ತುಂಬಿತು. ಬಂಡೆಯ ಸದ್ದನ್ನು ಕೇಳಿಯೇ ಅಪಾಯವನ್ನು ಅರಿಯುತ್ತಿದ್ದ ಕೆಲಸಗಾರರಲ್ಲಿ ಉಳಿದವರು ವೃದ್ಧರಾಗಿರುವರು. ಅವರ ಅನುಭವವು ಯಾವ ಗಣಕಯಂತ್ರದಲ್ಲಿಯೂ ಸೇರಿಲ್ಲ. ಅವರು ಇರುವಾಗಲೇ ಅವರ ಮಾತನ್ನು ಕೇಳಿ ಬರೆದಿಡುವುದು ನಮ್ಮಂತಹ ಸಂಘಗಳಿಗೆ ಸಲ್ಲುವ ಕಾರ್ಯವೆಂದು ವಿಜ್ಞಾಪಿಸಿಕೊಳ್ಳುತ್ತೇನೆ.