ಅಷ್ಠೀಲಾ

ಅಷ್ಠೀಲಾ ಎಂದರೆ ಕೇಳಿದವರ ಕಿವಿ ಅದನ್ನು ಅಶ್ಲೀಲ ಎಂದೇ ಹಿಡಿಯುತ್ತದೆ. ಎರಡಕ್ಕೂ ಯಾವ ನಂಟೂ ಇಲ್ಲ. ಸಂಸ್ಕೃತದಲ್ಲಿ ಅಷ್ಠಿ ಎಂದರೆ ಹಣ್ಣಿನೊಳಗಿನ ಗೊರಟೆ, ಅಷ್ಠೀಲಾ ಎಂದರೆ ಉರುಟು ಕಲ್ಲು. ಈ ಕಲ್ಲು ವೈದ್ಯರ ಬಾಯಿಗೆ ಬಂದದ್ದು ಉಚ್ಚೆ ಕಟ್ಟುವ ಸಂಕಟವನ್ನು ಹೇಳುವುದಕ್ಕೆ.

ಸುಶ್ರುತಸಂಹಿತೆಯ ಉತ್ತರತಂತ್ರ 12 ಬಗೆಯ ಮೂತ್ರಾಘಾತಗಳನ್ನು, ಎಂದರೆ ಉಚ್ಚೆ ಕಟ್ಟುವ ತೊಂದರೆಗಳನ್ನು, ಎಣಿಸುತ್ತದೆ. ಅಷ್ಠೀಲಾ ಅವುಗಳಲ್ಲೊಂದು. ಮಲದ ದಾರಿಗೂ ಮೂತ್ರಕೋಶಕ್ಕೂ ನಡುವೆ ವಾಯು ಸೇರಿಕೊಂಡು, ಕಲ್ಲಿನಂತೆ ಗಟ್ಟಿಯಾದ ಗಂಟನ್ನು ಎಬ್ಬಿಸುತ್ತದೆ ಎಂಬುದು ಅಲ್ಲಿನ ವಿವರಣೆ. ಗಂಡಸರ ಪ್ರಾಸ್ಟೇಟ್ ಗ್ರಂಥಿ ಇರುವುದೂ ಅಲ್ಲೇ: ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಮೂತ್ರನಾಳವನ್ನು ಸುತ್ತುವರಿದು. ಹಾಗಾಗಿಯೇ ಇಂದಿನ ಆಯುರ್ವೇದ ವೈದ್ಯರು ಪ್ರಾಸ್ಟೇಟ್ ಊತವನ್ನು ವಾತಾಷ್ಠೀಲಾ ಎನ್ನುತ್ತಾರೆ. ಆದರೆ ಹಳೆಯ ಪದದ ಹರವು ಅದಕ್ಕಿಂತ ದೊಡ್ಡದೆಂದೇ ನನ್ನ ಎಣಿಕೆ. ಹೊಟ್ಟೆ ಉಬ್ಬರ, ಮಲ ಕಟ್ಟುವುದು, ವಾಯು ಸರಿಯದಿರುವುದು ಎಲ್ಲವೂ ಅದರ ಲಕ್ಷಣಗಳೇ. ಉಚ್ಚೆ ಪೂರ್ತಿ ನಿಂತಾಗ ಕಿಬ್ಬೊಟ್ಟೆಯಲ್ಲಿ ಕೈಗೆ ಸಿಗುವ ಗಂಟಾದರೂ ತುಂಬಿ ಬಿಗಿದ ಮೂತ್ರಕೋಶವೇ ಹೊರತು ಪ್ರಾಸ್ಟೇಟ್ ಅಲ್ಲ.

ಗ್ರೀಕ್ ಮೂಲದ ಪ್ರಾಸ್ಟೇಟ್ ಎಂಬ ಹೆಸರು 'ಮುಂದೆ ನಿಂತದ್ದು' ಎಂದು ಜಾಗವನ್ನಷ್ಟೇ ಹೇಳುತ್ತದೆ. ಹಿಂದಿಯವರು ಪುರಃಸ್ಥ ಗ್ರಂಥಿ ಎಂದು ಮಾಡಿಕೊಂಡರು. ಎರಡರೊಳಗೂ ಇರುವುದು ನಿಲ್ಲು ಎಂಬರ್ಥದ ಒಂದೇ ಬೇರು, ಸ್ಥಾನ, ಸ್ಥಿತಿಗಳಲ್ಲಿರುವ ಸ್ಥಾ.

ಕಲ್ಲಿನ ಹೋಲಿಕೆಗೆ ಇವತ್ತು ಬೇರೆಯದೇ ತೂಕ. ವೈದ್ಯರು ಕೈಗವಸು ತೊಟ್ಟು, ಗುದದ್ವಾರದಲ್ಲಿ ಬೆರಳಿಟ್ಟು ಗ್ರಂಥಿಯನ್ನು ಒತ್ತಿನೋಡುತ್ತಾರೆ. ವಯಸ್ಸಿಗೆ ಸಹಜವಾಗಿ ಊದಿಕೊಂಡದ್ದು ನುಣುಪಾಗಿ, ರಬ್ಬರಿನಷ್ಟು ಮೆತ್ತಗೆ ಸಿಗುತ್ತದೆ. ಬೆರಳಿಗೆ ಕಲ್ಲು ತಾಗಿದಂತಾದರೆ ಅವರ ಅನುಮಾನ ಕ್ಯಾನ್ಸರಿನ ಕಡೆ ಹೋಗುತ್ತದೆ.

ಸುಶ್ರುತಸಂಹಿತೆಯ ಅದೇ 12 ಮೂತ್ರಾಘಾತಗಳಲ್ಲಿ ಉಷ್ಣವಾತವೂ ಇದೆ. ಉರಿಯೊಡನೆ ಅರಿಸಿನ ಬಣ್ಣದ, ಇಲ್ಲವೇ ಕೆಂಪು ಮೂತ್ರ ಹೋಗುವುದು ಅದರ ಗುರುತು. ಉಷ್ಣ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಚಲಾವಣೆಯಲ್ಲಿದೆ. ಅಜ್ಜನಿಗೆ ಉಚ್ಚೆ ಕೆಂಪಗೆ ಹೋಯಿತೆಂದರೆ "ಉಷ್ಣ ಆಗಿದೆ, ಎಳನೀರು ಕುಡೀರಿ, ಬಾರ್ಲಿ ಗಂಜಿ ಮಾಡಿಕೊಡ್ತೀನಿ" ಎನ್ನುತ್ತಾರೆ. ಎರಡು ದಿನದಲ್ಲಿ ತಿಳಿಯಾದರೆ ಮಾತು ಅಲ್ಲಿಗೆ ಮುಗಿಯಿತು. ಹೀಗೆ ಬಳಕೆಯಾಗುವ ಈ ಪದದ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಊದಿದ ಪ್ರಾಸ್ಟೇಟಿನ ರಕ್ತನಾಳ ಒಡೆದೂ ರಕ್ತ ಬರುತ್ತದೆ, ಸೋಂಕಿನಿಂದಲೂ ಮೂತ್ರದ ಕಲ್ಲಿನಿಂದಲೂ ಬರುತ್ತದೆ. ಮೂತ್ರಕೋಶದ ಕ್ಯಾನ್ಸರ್ ಮಾತ್ರ ಎಷ್ಟೋ ಸಲ ನೋವೇ ಇಲ್ಲದೆ ಒಮ್ಮೆ ಕೆಂಪು ತೋರಿಸಿ, ಆಮೇಲೆ ವಾರಗಟ್ಟಲೆ ಸುಮ್ಮನಿದ್ದುಬಿಡುತ್ತದೆ. ಬೀಡಿ, ಸಿಗರೇಟು ಸೇದಿದವರಿಗೆ ಅದರ ಅಪಾಯ ಇನ್ನೂ ಹೆಚ್ಚು. ಮೂತ್ರಪರೀಕ್ಷೆ, ಸ್ಕ್ಯಾನಿಂಗ್, ಮೂತ್ರನಾಳದೊಳಗೆ ಸಣ್ಣ ದುರ್ಬೀನು ಇಳಿಸಿ ನೋಡುವ ಸಿಸ್ಟೋಸ್ಕೋಪಿ ಇವೆಲ್ಲ ಆದಮೇಲೆಯೇ ರಕ್ತ ಎಲ್ಲಿಂದ ಬಂತೆಂದು ಹೇಳಲು ಬರುವುದು. ಪ್ರಾಸ್ಟೇಟ್ ಊದಿದೆಯೆಂದು ಮೊದಲೇ ಗೊತ್ತಿದ್ದವರೂ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರೂ ಕಾರಣ ಸಿಕ್ಕಿತೆಂದು ಕೂರದೆ, ಒಂದೇ ಸಲ ಕೆಂಪು ಕಂಡರೂ ವೈದ್ಯರಲ್ಲಿಗೆ ಹೋಗಬೇಕು.